ಪಾಲಬಾವಿ ಎಂಬ ಊರು ಮೊಬೈಲಿನಲ್ಲಿ ಜಾರಿಹೋದ ಬಗ್ಗೆ ಸಮಜಾಯಿಷಿ

ದಿನಾಂಕ: ೦೭-೧೨-೨೦೧೮

ಇಂದ,
ರೂಪೇಶ ರಾಜಾರಾಮ ಕಾಂಬಳೆ,
ಕಂಪ್ಯೂಟರ್ ಆಪರೇಟರ್ (ಗುತ್ತಿಗೆ), ಕಬ್ಬು ವಿಭಾಗ,
ಸಾ: ಅಕ್ಕೋಳ, ತಾ: ನಿಪ್ಪಾಣಿ

ಗೆ,
ಮಾನ್ಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು,
ಶ್ರೀ ಬನಸಿದ್ಧ ಸಹಕಾರಿ ಸಕ್ಕರೆ ಕಾರ್ಖಾನೆ

ವಿಷಯ: ಕಟಾವು ಸರದಿಯ ಪಟ್ಟಿಯಲ್ಲಿ ಊರಿನ ಹೆಸರು ನಿಲ್ಲದೆ ಜಾರಿದ್ದಕ್ಕೆ ಸಮಜಾಯಿಷಿ, ಹಾಗೂ ನಾಲ್ಕು ದಿನದ ಗೈರುಹಾಜರಿಯನ್ನು ಕರ್ತವ್ಯವೆಂದು ಪರಿಗಣಿಸುವ ಕುರಿತು.

ಉಲ್ಲೇಖ: ೧) ತಮ್ಮ ನೋಟೀಸು ದಿ: ೨೨-೧೧-೨೦೧೮
೨) ತಮ್ಮ ಎರಡನೆಯ, ಕೆಂಪು ಶಾಯಿಯ ನೋಟೀಸು ದಿ: ೦೪-೧೨-೨೦೧೮

ಮಾನ್ಯರೇ,

ಮೇಲ್ಕಾಣಿಸಿದ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ಸದರಿ ಅರ್ಜಿದಾರನು ತಮ್ಮಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ:

೧. ಈ ಹಂಗಾಮಿನಿಂದ ಯಾವ ರೈತನ ಕಬ್ಬು ಯಾವಾಗ ಕಟಾವಾಗುತ್ತದೆ ಎಂಬ ಪಟ್ಟಿಯನ್ನು ಎಲ್ಲರೂ ಮೊಬೈಲಿನಲ್ಲೇ ನೋಡುವಂತೆ ಮಾಡಲು ತಾವು ಆದೇಶಿಸಿದ್ದು ಸರಿಯಷ್ಟೆ. ಅರ್ಜಿದಾರನು 'ಅದಕ್ಕೇನ್ರಿ ಸಾಹೇಬ್ರ, ಎರಡ ದಿನದಾಗ ಆಗತೈತಿ' ಎಂದಿದ್ದನು. ಎರಡೇ ದಿನದಲ್ಲಿ ಆಯಿತು. ಅಲ್ಲಿಯೇ ಸಂಶಯ ಬರಬೇಕಾಗಿತ್ತು.

೨. ಪಟ್ಟಿಯಲ್ಲಿ ಮೊದಲು ಊರಿನ ಹೆಸರು, ಅದರ ಕೆಳಗೆ ಆ ಊರಿನ ರೈತರು. ಅರ್ಜಿದಾರನು ಪರೀಕ್ಷೆಗೆಂದು ಒಟ್ಟು ಒಂಬತ್ತು ಹೆಸರು ತುಂಬಿ, ಕಚೇರಿಯ ದೊಡ್ಡ ಪರದೆಯಲ್ಲಿ ನೋಡಿ, ತನ್ನ ಬೆನ್ನನ್ನು ತಾನೇ ತಟ್ಟಿಕೊಂಡನು. ಆದರೆ ನಿಜವಾದ ಪಟ್ಟಿಯಲ್ಲಿ ಇದ್ದವರು ಎರಡು ಸಾವಿರದ ಮುನ್ನೂರು ಜನ. ಮೊಬೈಲಿನ ಅಂಗೈ ಅಗಲದ ತೆರೆಯಲ್ಲಿ ಬೆರಳಿನಿಂದ ಮೇಲಕ್ಕೆ ಸರಿಸಿದೊಡನೆ ಊರಿನ ಹೆಸರು ಮೇಲಿನಿಂದ ಮಾಯವಾಗಿ, ಬರೀ ರೈತರು ಉಳಿಯುತ್ತಿದ್ದರು. ಅವರು ಯಾವ ಊರಿನವರೆಂಬುದು ಅವರಿಗೆ ಮಾತ್ರ ಗೊತ್ತು.

೩. ಕಾರಣ, ದಿ: ೨೧-೧೧-೨೦೧೮ರಂದು ನಡೆದದ್ದು ಹೀಗೆ. ಕಟಾವು ತಂಡದ ಮುಕಾದಮ ಜಕ್ಕಪ್ಪ ಇವರಿಗೆ ಬಂದ ಸೂಚನೆ 'ಬಾಬಾಸಾಹೇಬ ಸಿದ್ದಲಿಂಗ ಪಾಟೀಲ' ಎಂದು. ಅವರು ಪಟ್ಟಿ ಸರಿಸಿದರು. ಹೆಸರು ಸಿಕ್ಕಿತು. ಫೋನ್ ಮಾಡಿದರು. 'ಪಾಟೀಲರ, ನಿಮ್ಮ ಪಾಳಿ ಬಂದೈತ್ರಿ, ಎಲ್ಲಿಗೆ ಬರೂಣು?' ಎಂದಾಗ ಆ ಕಡೆಯಿಂದ 'ಬರ್ರಿ ಬರ್ರಿ, ಕಬ್ಬೂರ ಬಸ್ ಸ್ಟ್ಯಾಂಡಿನ್ಯಾಗ ನಾನ ನಿಂದರತೇನಿ' ಎಂಬ ಉತ್ತರ ಬಂದಿತು. ಸರದಿ ಇದ್ದದ್ದು ಪಾಲಬಾವಿಯ ಬಾಬಾಸಾಹೇಬ ಸಿದ್ದಲಿಂಗ ಪಾಟೀಲರದು. ಕಬ್ಬೂರಿನವರ ಸರದಿಗೆ ಇನ್ನೂ ನಲವತ್ತೊಂದು ದಿನ ಇತ್ತು. ಅಪ್ಪನ ಹೆಸರೂ ಸೇರಿ ಇಬ್ಬರದೂ ಒಂದೇ ಆಗಿರುವುದು ಅರ್ಜಿದಾರನ ತಪ್ಪಲ್ಲವಾದರೂ, ಉಳಿದದ್ದೆಲ್ಲವೂ ಅವನದೇ.

೪. ಜಕ್ಕಪ್ಪನವರನ್ನು ವಿಚಾರಿಸಲಾಗಿ, 'ನಂದೇನ್ ತಪ್ಪೈತಿ ಹೇಳ? ಮೊಬೈಲ್‌ದಾಗ ಬಾಬಾಸಾಹೇಬ ಇದ್ದರು, ಊರ ಇದ್ದಿಲ್ಲ' ಎಂದರು. ಕಬ್ಬೂರಿನ ಬಾಬಾಸಾಹೇಬರು ಮಾತ್ರ ಅರ್ಜಿದಾರನಿಗೆ ಫೋನ್ ಮಾಡಿ, 'ನಿಮ್ಮಂಥಾ ಕಂಪ್ಯೂಟರ್ ಸಾಹೇಬ್ರು ಕಾರ್ಖಾನಿಗೆ ಇನ್ನೂ ನಾಕ ಮಂದಿ ಬೇಕ್ರಿ' ಎಂದು ಹರಸಿದರು. ಈ ಸೇವೆಯಲ್ಲಿ ಅವನಿಗೆ ಇದುವರೆಗೆ ಸಿಕ್ಕಿರುವ ಪ್ರಶಂಸೆ ಇದೊಂದೇ.

೫. ಮರುದಿನ ಪಾಲಬಾವಿಯಿಂದ ಫೋನ್ ಬಂದಿತು. ಅಲ್ಲಿನ ಪಾಟೀಲರ ಮನೆಯ ಬಾಗಿಲವರೆಗೂ ಕಬ್ಬು ನಿಂತಿತ್ತು. ಮಗಳು ಶೈಲಾಳ ಮದುವೆ ದಿ: ೦೨-೧೨-೨೦೧೮ರಂದು, ಹಂದರ ಹಾಕುವುದು ಆ ಕಬ್ಬು ಕಡಿದ ಜಾಗದಲ್ಲೇ. ಬೇರೆ ಜಾಗವಿಲ್ಲ. ತಂಡ ಬರುತ್ತದೆಂದು ಇಪ್ಪತ್ತು ಜನಕ್ಕೆ ರೊಟ್ಟಿ ಬಡಿದು ಕಾದಿದ್ದರು. ಕಬ್ಬೂರಿನಲ್ಲಿ ಕತ್ತಿ ಬಿದ್ದ ಹೊಲವನ್ನು ಅರ್ಧಕ್ಕೆ ಬಿಟ್ಟು ಬರಲಾಗದೆಂದು ಜಕ್ಕಪ್ಪ ಹೇಳಿದ್ದರಿಂದ, 'ಹೋಗಿ ಕ್ಷಮೆ ಕೇಳಿ ಬಾ' ಎಂದು ತಾವು ಅರ್ಜಿದಾರನನ್ನು ಕಳುಹಿಸಿದಿರಿ.

೬. ಅರ್ಜಿದಾರನು ಕ್ಷಮೆಯನ್ನು ಬಸ್ಸಿನಲ್ಲಿ ಮೂರು ಸಲ ಬಾಯಿಪಾಠ ಮಾಡಿಕೊಂಡು ಹೋದನು. ಪಾಲಬಾವಿಯ ಬಾಬಾಸಾಹೇಬರು ಮಾತೇ ಆಡಲಿಲ್ಲ. ಅವರ ತಾಯಿ ಕಾಳವ್ವ ಎಂಬವರು ಅಂಗಳದಲ್ಲಿ ಕುಳಿತು ಪೂರ್ತಿ ಕೇಳಿಸಿಕೊಂಡರು. 'ಸ್ಕ್ರೋಲ್', 'ಹೆಡ್ಡಿಂಗ್' ಎಂಬ ಪದಗಳನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಎದ್ದು ಒಳಗೆ ಹೋಗಿ ಕಬ್ಬು ಕಡಿಯುವ ಒಂದು ಕೊಯ್ತಾ ತಂದು ಅವನ ಕೈಗಿಟ್ಟು, 'ತಮ್ಮಾ, ನೀ ಹೇಳಿದ್ದು ನನಗ ತಿಳೀಲಿಲ್ಲ. ಕಬ್ಬ ಬುಡಕ್ಕ ಕಡೀಬೇಕ, ನಡುವ ಅಲ್ಲ. ನಡಿ' ಎಂದರು.

೭. ಆದ್ದರಿಂದ ದಿ: ೨೩ರಿಂದ ೨೬ರವರೆಗೆ ಅರ್ಜಿದಾರನು ಪಾಲಬಾವಿಯಲ್ಲಿ ಕಬ್ಬು ಕಡಿದನು. ಮನೆಯವರೂ ನೆರೆಯವರೂ ಒಬ್ಬೊಬ್ಬರು ಮೂರು ಸಾಲು ಮುಗಿಸುವಷ್ಟರಲ್ಲಿ ಅವನದು ಅರ್ಧ ಸಾಲು. ಮೊದಲ ದಿನವೇ ಅಂಗೈಯಲ್ಲಿ ಬೊಕ್ಕೆ ಎದ್ದವು. ಕಬ್ಬಿನ ಒಣಗರಿ, ಅಂದರೆ ರವದಿ, ಕುತ್ತಿಗೆ ಕೊಯ್ದಿತು. ಕಾರ್ಖಾನೆಯಲ್ಲಿ ಆರು ವರ್ಷದಿಂದ ಕಬ್ಬನ್ನು ಕೇವಲ ಟನ್ನಿನ ಲೆಕ್ಕದಲ್ಲಿ ಬಲ್ಲವನಿಗೆ ಅದು ಇಷ್ಟು ಗಟ್ಟಿ ಇರುತ್ತದೆಂದು ತಿಳಿದಿರಲಿಲ್ಲ. ಮೂರನೆಯ ದಿನ ಬಾಬಾಸಾಹೇಬರು ಅವನು ಕಡಿದ ಸಾಲನ್ನು ನೋಡಿ ಮೊದಲ ಬಾರಿಗೆ ಬಾಯಿ ಬಿಟ್ಟರು: 'ಇದನ್ನ ಮತ್ತೊಮ್ಮಿ ಕಡೀಬೇಕ.' ಆದರೂ ಅಂದು ಮಧ್ಯಾಹ್ನ ಅವನನ್ನು ತಮ್ಮ ಪಕ್ಕದಲ್ಲಿ ಊಟಕ್ಕೆ ಕೂಡಿಸಿಕೊಂಡರು. ಅರ್ಜಿದಾರನಿಗೆ ಹಿಂಡಿಪಲ್ಲೆಯ ಖಾರಕ್ಕೆ ಕಣ್ಣಲ್ಲಿ ನೀರು ಬಂದಿತೆಂದು ದಾಖಲಿಸತಕ್ಕದ್ದು.

೮. ದಿ: ೨೭ರಂದು ಜಕ್ಕಪ್ಪನವರ ತಂಡ ಬಂದು ಎರಡು ದಿನದಲ್ಲಿ ಉಳಿದದ್ದನ್ನು ಮುಗಿಸಿತು. ಹೊಲ ಬಯಲಾಯಿತು, ಹಂದರದ ಗಳ ನೆಟ್ಟರು.

೯. ಇನ್ನು ಪಟ್ಟಿಯ ವಿಚಾರ. ಊರಿನ ಹೆಸರು ತೆರೆಯ ನೆತ್ತಿಗೆ ಅಂಟಿಕೊಂಡೇ ನಿಲ್ಲಬೇಕು. ಮುಂದಿನ ಊರು ಬಂದು ದೂಡಿದಾಗ ಮಾತ್ರ ಜಾಗ ಬಿಡಬೇಕು. ಇದಕ್ಕೆ ಒಂದು ಸಾಲಿನ ಆದೇಶ ಸಾಕೆಂದು ಇಂಟರ್‌ನೆಟ್ಟಿನಲ್ಲಿ ಓದಿ ಅರ್ಜಿದಾರನು ಆ ಸಾಲು ಬರೆದನು. ಅಂಟಲಿಲ್ಲ. ಅದನ್ನೇ ದಪ್ಪ ಅಕ್ಷರದಲ್ಲಿ ಬರೆದನು. ಅಂಟಲಿಲ್ಲ. ಎರಡು ದಿನ ಕಂಪ್ಯೂಟರನ್ನು ಬಂದ್ ಮಾಡಿ ಚಾಲೂ ಮಾಡಿದನು.

೧೦. ದಿ: ೦೧-೧೨-೨೦೧೮ರಂದು ಅರಿಶಿನ ಹಚ್ಚುವ ಕಾರ್ಯಕ್ಕೆ ಕರೆದಿದ್ದರಿಂದ ಅರ್ಜಿದಾರನು ಲ್ಯಾಪ್‌ಟಾಪ್ ಸಮೇತ ಹೋದನು. ಮದುಮಗಳು ಶೈಲಾ ಚಿಕ್ಕೋಡಿಯಲ್ಲಿ ಬಿಸಿಎ ಓದಿದವಳೆಂಬುದು ಅವನಿಗೆ ಗೊತ್ತಿರಲಿಲ್ಲ. ಮೈತುಂಬ ಅರಿಶಿನ ಹಚ್ಚಿಕೊಂಡು ಮಣೆಯ ಮೇಲೆ ಕುಳಿತಿದ್ದವಳು, 'ಅಣ್ಣಾ, ಈ ಕಡೆ ತಿರುಗಸ್ರಿ ಅದನ್ನ' ಎಂದು ಲ್ಯಾಪ್‌ಟಾಪ್ ನೋಡಿದಳು. 'ಪಟ್ಟಿ ಸುತ್ತಲಿನ ಡಬ್ಬಿಗೆ ಓವರ್‌ಫ್ಲೋ ಹಿಡನ್ ಯಾರ ಬರದಾರ್ರಿ ಇಲ್ಲಿ?'

'ನಾನೇ.'

'ಯಾಕ್ರಿ?'

ಯಾಕೆಂದು ಅವನಿಗೂ ನೆನಪಿರಲಿಲ್ಲ. ಅಂಚಿನಿಂದ ಹೊರಬಿದ್ದದ್ದನ್ನು ಮುಚ್ಚಿಡು ಎಂಬ ಆ ಸಾಲು ಇರುವವರೆಗೆ ಹೆಸರು ಆ ಡಬ್ಬಿಯನ್ನೇ ಹಿಡಿದುಕೊಂಡು ಅದರ ಜೊತೆಗೇ ಮೇಲೆ ಹೋಗುತ್ತದೆ, ತೆರೆಗೆ ಅಂಟುವುದಿಲ್ಲ ಎಂದು ಅವಳು ವಿವರಿಸಿ, ತಾನೇ ಅಳಿಸಿದಳು. ಪಾಲಬಾವಿ ನಿಂತಿತು. ಆದರೆ ಹೆಸರಿನ ಹಿಂದೆ ಬಣ್ಣವಿಲ್ಲದ್ದರಿಂದ ರೈತರು ಅದರ ಮೈಮೇಲೆಯೇ ಹಾದು ಹೋಗುತ್ತಿದ್ದರು. ಕಾಳವ್ವ ಬಗ್ಗಿ ನೋಡಿ, 'ಮಂದಿ ಊರ ತುಳಕೊಂತ ಹೊಂಟಾರಲ್ಲ' ಎಂದರು. ಹಿಂದೆ ಬಿಳಿ ಬಣ್ಣ ಹಾಕಲಾಯಿತು. ಅಲ್ಲಿದ್ದ ಹೆಂಗಸರೆಲ್ಲ ಮದುಮಗಳನ್ನು ಬಿಟ್ಟು ಪಟ್ಟಿಯನ್ನು ಮೇಲೆ ಕೆಳಗೆ ಆಡಿಸಿದರು. ಮರುದಿನ ಮದುವೆ ಸಾಂಗವಾಗಿ ನಡೆಯಿತು. ಅರ್ಜಿದಾರನು ಬಡಿಸಿದನು, ಯಾರ ಎಲೆಯನ್ನೂ ಬಿಡಲಿಲ್ಲ.

೧೧. ಆದಾಗ್ಯೂ ತಮ್ಮ ಎರಡನೆಯ ನೋಟೀಸಿನಲ್ಲಿ 'ಊರು ಇನ್ನೂ ಜಾರುತ್ತಿದೆ, ಇದು ಶುದ್ಧ ಬೇಜವಾಬ್ದಾರಿ' ಎಂದಿದೆ. ಅರ್ಜಿದಾರನು ಗಾಬರಿಯಾಗಿ, ಜಕ್ಕಪ್ಪನವರ ಒಡೆದ ಗಾಜಿನ ಮೊಬೈಲೂ ಸೇರಿ ಹದಿನಾಲ್ಕು ಮೊಬೈಲುಗಳಲ್ಲಿ ಪರೀಕ್ಷಿಸಲಾಗಿ, ಎಲ್ಲದರಲ್ಲೂ ನಿಂತಿತು. ಹದಿನೈದನೆಯದರಲ್ಲಿ ಮಾತ್ರ ನಿಲ್ಲಲಿಲ್ಲ. ಅದು ೨೦೧೩ರಲ್ಲಿ ಖರೀದಿಸಿ ಅಂದಿನಿಂದ ಒಮ್ಮೆಯೂ ಅಪ್‌ಡೇಟ್ ಕಾಣದ ತಮ್ಮ ಮೊಬೈಲು ಎಂದು ತಿಳಿಸಲು ಅರ್ಜಿದಾರನು ಮೂರು ದಿನ ಧೈರ್ಯ ಕೂಡಿಸಿಕೊಂಡನು.

ಆದಕಾರಣ, ಮೇಲ್ಕಂಡ ನಾಲ್ಕು ದಿನಗಳನ್ನು ಗೈರುಹಾಜರಿ ಎನ್ನದೆ ಕಬ್ಬು ವಿಭಾಗದ ಕೆಲಸವೆಂದೇ ಪರಿಗಣಿಸಬೇಕಾಗಿ ಪ್ರಾರ್ಥನೆ. ಅದಕ್ಕಿಂತ ಹತ್ತಿರದಿಂದ ಕಬ್ಬು ವಿಭಾಗದ ಕೆಲಸವನ್ನು ಅರ್ಜಿದಾರನು ಹಿಂದೆಂದೂ ಮಾಡಿಲ್ಲ.

ಬೊಕ್ಕೆ ಒಣಗುತ್ತಿರುವ,
ತಮ್ಮ ವಿಶ್ವಾಸಿ,
(ರೂಪೇಶ ರಾ. ಕಾಂಬಳೆ)

ಲಗತ್ತುಗಳು:
೧. ಅಂಗೈಗಳ ಫೋಟೋ, ಎರಡು (ಎಡ, ಬಲ).
೨. ಅರಿಶಿನದ ಬೆರಳಚ್ಚು ಇರುವ ಅಳಿಸುವ ಕೀಲಿಯ ಫೋಟೋ.
೩. ಶ್ರೀಮತಿ ಕಾಳವ್ವ ಇವರ ಹೆಬ್ಬೆಟ್ಟಿನ ಹೇಳಿಕೆ: 'ಹುಡುಗ ಚಲೋ ಅದಾನ, ಕಬ್ಬ ಕಡ್ಯಾಕ ಮಾತ್ರ ಕಳಸಬ್ಯಾಡ್ರಿ.'

ವಿ.ಸೂ.: ತಮ್ಮ ಮೊಬೈಲನ್ನು ಅಪ್‌ಡೇಟ್ ಮಾಡಲು ಅದರಲ್ಲಿ ಜಾಗವಿಲ್ಲ. ಪರಿಶೀಲಿಸಲಾಗಿ, ಜಾಗವನ್ನು ೩,೪೧೨ 'ಶುಭ ಮುಂಜಾನೆ' ಚಿತ್ರಗಳು ಆಕ್ರಮಿಸಿಕೊಂಡಿವೆ. ಅವುಗಳನ್ನು ಅಳಿಸಲು ಲಿಖಿತ ಅನುಮತಿ ನೀಡಬೇಕಾಗಿ ವಿನಂತಿ. ಅವುಗಳ ಪೈಕಿ ೧೧೬ನ್ನು ನೌಕರಿ ಕಾಯಂ ಆಗಲೆಂಬ ಆಸೆಯಿಂದ ಅರ್ಜಿದಾರನೇ ಕಳುಹಿಸಿದ್ದು, ಅವನ್ನು ಮೊದಲು ಅಳಿಸಲು ಅವನ ಅಭ್ಯಂತರವೇನೂ ಇರುವುದಿಲ್ಲ.