ನಿಂಬೆಹಣ್ಣು ಉಳಿಸಿದ ಇಂಜಿನಿಯರ್

ಮೇಲೆ ಕೆಳಗೆ ಓಡಾಡೋ ಮಷಿನ್ ಎಲ್ಲಿ ಕೂರಿಸಿದರೂ ಅದರ ತಲೆ ಜೊತೆ ನನ್ನ ಮಾನವೂ ಒಂದು ಸಲ ಕೆಳಗೆ ಬಂದೇ ಬರುತ್ತೆ. ಪೀಣ್ಯದ ಸಣ್ಣದೊಂದು ಮಷಿನ್ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದಷ್ಟು ಕಾಲ ಇದು ತಪ್ಪಲಿಲ್ಲ. ಜಿಗಣಿಯ ಒಂದೇ ಫ್ಯಾಕ್ಟರಿಯಲ್ಲಿ ಮೂರು ಸಲ ಆಯ್ತು.

ಮರದ ತುಂಡು

ಅಲ್ಲಿಗೆ ನಾವು ಕೊಟ್ಟಿದ್ದು ಬೇರಿಂಗ್ ಒತ್ತಿ ಕೂರಿಸೋ ಮಷಿನ್. ಮೇಲಿಂದ ಇಳಿದು ಒತ್ತೋ ನಲವತ್ತು ಕೆಜಿ ತಲೆ, ಅದನ್ನ ಏರಿಸಿ ಇಳಿಸೋಕೆ ಒಂದು ಸರ್ವೋ ಮೋಟರ್. ಪವರ್ ಇಲ್ಲದಾಗ ತಲೆ ಜಾರದ ಹಾಗೆ ಮೋಟರ್ ಒಳಗಿನ ಬ್ರೇಕು ಹಿಡ್ಕೊಂಡಿರುತ್ತೆ. ಎಲ್ಲಾ ಚೆನ್ನಾಗಿತ್ತು, ಆದರೆ ಆನ್ ಮಾಡಿದಾಗಲೆಲ್ಲ ತಲೆ ಧಡ್ ಅಂತ ಎರಡು ಬೆರಳಷ್ಟು ಕುಸೀತಿತ್ತು.

ಅದರ ಕೆಳಗೆ ಕೈ ಹಾಕಿ ಬೇರಿಂಗ್ ಇಡಬೇಕಾದವರು ಆಪರೇಟರ್ ಅಕ್ಕ, ಜಿಗಣಿ ಊರಿನವರೇ. ನಿಂತ ಲಾರಿ ಗಾಲಿಗೆ ಕಲ್ಲು ಕೊಟ್ಟ ಹಾಗೆ, ಆನ್ ಮಾಡೋ ಮುಂಚೆ ತಲೆ ಕೆಳಗೆ ಒಂದು ಮರದ ತುಂಡು ಕೊಡ್ತಿದ್ದರು. ಓನರ್ ದಾವಣಗೆರೆ ಕಡೆಯವರು, ಹಣೆ ತುಂಬ ವಿಭೂತಿ, ಮೆತ್ತಗಿನ ಮಾತು. ಅಕ್ಕ ಆ ತುಂಡು ತೆಗೆದ ದಿನವೇ ಮಷಿನ್ ಒಪ್ಪಿಕೊಂಡ ಕಾಗದಕ್ಕೆ ಸಹಿ ಅಂತ ಅವರು ಪಟ್ಟು ಹಿಡಿದಿದ್ದರು. ಸಹಿ ಇಲ್ಲದೆ ಪೀಣ್ಯಕ್ಕೆ ಕಾಲಿಡಬೇಡ ಅಂತ ನಮ್ಮ ಬಾಸು. ಹೀಗೇ ವರ್ಷದ ಮೇಲಾಗಿತ್ತು.

ಒಂದಿನ ಏನೋ ತಿರುಗಿಸಿ, ಸರಿಹೋಯ್ತು ಅಂತ ಜಂಬದಿಂದ ತುಂಡು ಎಳೆದು ಆನ್ ಮಾಡಿದೆ. ಧಡ್. ಕೆಳಗಿದ್ದ ನನ್ನ ಪೆನ್ನು ಅಪ್ಪಚ್ಚಿ. ನಾಳೆ ಖಂಡಿತ ಸರಿ ಮಾಡ್ತೀನಿ, ನನ್ನ ಮೇಲೆ ನಂಬಿಕೆ ಇರ್ಲಿ ಅಂದೆ.

"ನಂಬಿಕೆ ಮಡುಗ್ತೀನಿ ಸಾ, ಬೆರಳು ಮಡುಗಾಕಿಲ್ಲ" ಅಂದರು ಅಕ್ಕ.

ಬಿಂದಿಗೆ

ಬ್ರೇಕು ಸವೆದಿರಬೇಕು, ಬದಲಾಯಿಸು ಅಂತ ಬಾಸ್ ಫೋನಲ್ಲಿ ಹೇಳಿದರು. ಬೆಳಿಗ್ಗೆಯೆಲ್ಲ ಬೆವರು ಸುರಿಸಿ ಬದಲಾಯಿಸಿದೆ. ಹೊಸ ಬ್ರೇಕು, ಹಳೇ ಧಡ್. ನನಗೆ ಅಳೋದೊಂದು ಬಾಕಿ.

ಅಕ್ಕ ಟೀ ತಂದುಕೊಟ್ಟು, ಬ್ರೇಕು ಬಿಡೋದು ಯಾವಾಗ, ಮೋಟರ್ ಹಿಡಿಯೋದು ಯಾವಾಗ ಅಂತ ವಿಚಾರಿಸಿದರು. ಎರಡೂ ಒಟ್ಟಿಗೇ ಅಂದೆ.

"ತುಂಬಿದ ಬಿಂದಿಗೆ ಕೈಯಿಂದ ಕೈಗೆ ಕೊಡೋವಾಗ ಈಸ್ಕೊಳೋಳು ಗಟ್ಟಿಯಾಗಿ ಇಡ್ಕಂಡ ಮ್ಯಾಲೆ ತಾನೆ ಸಾ ನಾವು ಬುಡೋದು?"

ನನ್ನ ಟೀ ಅಲ್ಲೇ ಆರಿತು. ಮೋಟರ್ ಮೊದಲು ಆ ಭಾರ ಹೊರೋವಷ್ಟು ಬಲ ಹಾಕಿ ಹಿಡಿಯೋ ಹಾಗೆ, ಚೂರು ತಡೆದು ಬ್ರೇಕು ಬಿಡೋ ಹಾಗೆ ಸೆಟ್ಟಿಂಗ್ ಬದಲಾಯಿಸಿದೆ. ಆಫ್ ಮಾಡುವಾಗ ಉಲ್ಟಾ, ಬ್ರೇಕು ಹಿಡಿದ ಮೇಲೆ ಮೋಟರ್ ಬಿಡೋದು. ಆನ್ ಮಾಡಿದರೆ ತಲೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಬಾಸ್‌ಗೆ ಫೋನ್ ಮಾಡಿದೆ. ಹೇಗೆ ಗೊತ್ತಾಯ್ತು ಅಂದರು. ಮ್ಯಾನ್ಯುಯಲ್ ಓದಿದೆ ಸಾರ್ ಅಂದುಬಿಟ್ಟೆ, ನಾಲಿಗೆ ಸುಡ!

ಪಕ್ಕದಲ್ಲೇ ಲೋಟ ಎತ್ತುತ್ತಿದ್ದ ಅಕ್ಕ, "ಮ್ಯಾನ್ಯುಯಲ್ ಅಂದ್ರೆ ನಾನೇನಾ ಸಾ?" ಅಂದರು.

ಆಯುಧಪೂಜೆ

ಅಷ್ಟಾದರೂ ಅಕ್ಕ ಮರದ ತುಂಡು ತೆಗೆಯಲಿಲ್ಲ. ಮಾರನೇ ದಿನ ಆಯುಧಪೂಜೆ, ತಲೆ ಕೆಳಗೆ ನಿಂಬೆಹಣ್ಣು ಇಡ್ತಾರೆ, ಅದು ಉಳಿದರೆ ನೋಡೋಣ ಅಂದರು.

ನನಗೆ ಗೊತ್ತಿಲ್ಲದ ಒಂದು ಕಥೆ ಇತ್ತು. ಹೋದ ವರ್ಷದ ಪೂಜೆಯಲ್ಲಿ ಆನ್ ಮಾಡ್ತಿದ್ದ ಹಾಗೇ ತಲೆ ಬಿದ್ದು ನಿಂಬೆಹಣ್ಣು ಒಡೆದಿತ್ತಂತೆ. ಯಾರೂ ಮುಟ್ಟದೆ ಮಷಿನ್ ತಾನಾಗೇ ಪೂಜೆ ಒಪ್ಪಿಕೊಂಡಿತು ಅಂತ ಓನರ್ ಕಣ್ಣಲ್ಲಿ ನೀರು ಬಂದಿತ್ತಂತೆ. ನಮ್ಮ ಕಂಪನಿಯ ತಪ್ಪಿಗೆ ಅವರು ಕೈ ಮುಗಿದಿದ್ದರು, ಪಾಪ.

ಈ ಸಲ ಕುಂಕುಮ, ಸೇವಂತಿಗೆ, ಮಂಗಳಾರತಿ ಎಲ್ಲಾ ಆಯ್ತು. ಅಕ್ಕ ತುಂಡು ತೆಗೆದು ಅಲ್ಲಿ ನಿಂಬೆಹಣ್ಣು ಇಟ್ಟರು. ನಾನು ಆನ್ ಮಾಡಿದೆ. ನಿಂಬೆಹಣ್ಣು ಹಾಗೇ ಕೂತಿತ್ತು. ಆಫ್ ಮಾಡಿ ಮತ್ತೆ ಆನ್ ಮಾಡಿದೆ, ಐದು ಸಲ. ನನಗೆ ಕುಣಿಯೋ ಹಾಗಾಯ್ತು, ಓನರ್ ಮುಖ ಮಾತ್ರ ಸಪ್ಪಗಾಯ್ತು.

"ಮಷಿನ್ ಮುನಿಸ್ಕೊಂಡಂಗೈತಲ್ರೀ" ಅಂದರು. "ಇವತ್ತೊಂದಿನ ಹಳೇ ಸೆಟ್ಟಿಂಗೇ ಹಾಕಿಬಿಡ್ರಿ."

ವರ್ಷದ ಕೆಲಸ ನೀರಲ್ಲಿ ಹೋಮ. ಅಕ್ಕ ಮುಂದೆ ಬಂದು ನಿಂಬೆಹಣ್ಣು ತೆಗೆದು ಓನರ್ ಕೈಗಿಟ್ಟರು.

"ಆಕಿ ಸಾ, ಹಳೇದೇ ಆಕಿ. ನಿಂಬೆಹಣ್ಣು ಯಜಮಾನ್ರೇ ಕೈಯಾಗೆ ಇಡ್ಕಂಡು ಅದರ ಕೆಳಗೆ ಕೊಡ್ಲಿ."

ಓನರ್ ಒಂದು ಸಲ ಆ ತಲೆ ನೋಡಿದರು, ಒಂದು ಸಲ ಅಕ್ಕನ ಹತ್ತು ಬೆರಳು ನೋಡಿದರು. ಆಮೇಲೆ ನಿಂಬೆಹಣ್ಣು ಜೇಬಿಗಿಟ್ಟುಕೊಂಡು, ಪೆನ್ ಕೇಳಿ ಸಹಿ ಹಾಕಿದರು.

ಅಕ್ಕನ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ. ಬಸ್ಸಿಗೆ ಹೊರಟಾಗ ಅವರೇ ಗೇಟಿನ ತನಕ ಬಂದು, ಕಡ್ಲೆಪುರಿ ಪೊಟ್ಟಣದ ಜೊತೆ ಆ ಮರದ ತುಂಡನ್ನೂ ಕೊಟ್ಟರು. ಅದಕ್ಕೂ ಕುಂಕುಮ ಹಚ್ಚಿದ್ದರು.

"ನಮಗಿನ್ನು ಬ್ಯಾಡ. ನೀವು ಇನ್ನೊಂದು ಕಡೆ ಮಷಿನ್ ಕೂರುಸ್ತೀರಲ್ಲ ಸಾ, ಅಲ್ಲಿಗೆ ಬೇಕಾಯ್ತದೆ."