ನಾಲ್ಕನೆಯ ಪುಟ ಎಲ್ಲಿ?

ಕಾರ್ಪೆಟ್ ಕಿತ್ತದ್ದು ಅರ್ಧ ಗಂಟೆಯ ಕೆಲಸ. ಅದರಡಿಯ ಅಂಟು ಮಾತ್ರ ಹದಿನಾಲ್ಕು ವರ್ಷದ ಸಂಸಾರ ಬಿಟ್ಟು ಏಳಲು ಒಪ್ಪಲಿಲ್ಲ. ನಡೆದಾಡಿದರೆ ಕಾಲು ಮುಂದೆ, ಚಪ್ಪಲಿ ಹಿಂದೆ. ಗಡಿಯಾರ ರಿಪೇರಿಯ ಯಜಮಾನರಿಗೆ ಉಳಿದದ್ದು ಒಂದೇ ದಿನ. ಮಾರನೆಯ ಬೆಳಿಗ್ಗೆ ಅವರ ದೊಡ್ಡಕ್ಕ ಎರಡು ದಿನದ ಮಟ್ಟಿಗೆ ಬರುವವರಿದ್ದರು. ಹೋದ ಸಲವೂ ಎರಡೇ ದಿನಕ್ಕೆಂದು ಬಂದು, ಸೋರುವ ನಲ್ಲಿ ಕಂಡು, ಮನೆ ಒಂದು ಹದಕ್ಕೆ ಬರಲಿ ಎಂದು ಹನ್ನೊಂದು ವಾರ ಉಳಿದಿದ್ದರು.

ಗಿರಾಕಿಯೊಬ್ಬ ಉಪಾಯ ಹೇಳಿದ್ದ: ಅಂಟಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಬಿಸಿನೀರು ಸುರಿದು, ಇಪ್ಪತ್ತು ನಿಮಿಷಕ್ಕೆ ಸರಿಯಾಗಿ, ಒದ್ದೆ ಇರುವಾಗಲೇ ಕೆರೆಯಬೇಕು.

"ಹೊತ್ತು ನೋಡ್ಕೊಳ್ತೀರಾ ತಾನೇ?" ಹೆಂಡತಿ ಕೇಳಿದರು.

"ಹೊತ್ತು ನೋಡೋದೇ ನನ್ನ ಕಸುಬು ಕಣೆ. ನೀನು ಅಂಗಡಿಗೆ ಹೋಗಿ ಬಾ."

ಊಟ ಆಗಿತ್ತು, ಫ್ಯಾನು ತಿರುಗುತ್ತಿತ್ತು. ಯಜಮಾನರು ಪತ್ರಿಕೆ ಹಾಸಿ, ಬಿಸಿನೀರು ಸುರಿದು, ದೋಸೆ ಮಗುಚುವ ಕೈಯನ್ನು ಖಡ್ಗದಂತೆ ಹಿಡಿದು ಕುರ್ಚಿಯಲ್ಲಿ ವಿರಾಜಮಾನರಾದರು. ಹದಿನೆಂಟನೆಯ ನಿಮಿಷದವರೆಗೂ ಎಚ್ಚರವಿದ್ದರು (ಇದಕ್ಕೆ ಅವರೇ ಸಾಕ್ಷಿ).

ಹೆಂಡತಿ ಬಂದಾಗ ಪತ್ರಿಕೆ ಒಣಗಿ ನೆಲವೇ ಆಗಿಹೋಗಿತ್ತು.

"ಅಂಟು ತೆಗೀರಿ ಅಂದ್ರೆ ಹೊಸ ಕಾರ್ಪೆಟ್ ಅಂಟಿಸಿದೀರಲ್ರೀ."

"ಇದನ್ನ ಓದಬಹುದು. ಹಳೇದಕ್ಕೆ ಆ ಗುಣ ಇರಲಿಲ್ಲ."

ಮರುದಿನ ದೊಡ್ಡಕ್ಕ ಬಂದರು, ಬಗ್ಗಿದರು, ಕನ್ನಡಕ ಏರಿಸಿದರು. ದೊಡ್ಡಕ್ಕ ಬೈಯಲಿಲ್ಲ, ಕೂತರು. ಆಮೇಲೆ ಮಂಡಿಯೂರಿ, ಓದುತ್ತಾ ಹೊಸ್ತಿಲಿನಿಂದ ಕಿಟಕಿಯ ಕಡೆಗೆ ಹೊರಟರು. ಕಾಫಿಯನ್ನೂ ದಾರಿಯಲ್ಲೇ ಕುಡಿದರು.

"ಕಾಲು ತೆಗಿಯೋ ತಮ್ಮಾ. ಆ ಸೊಸೆ ಮೇಲೆ ನಿಂತಿದೀಯ."

ಕಿಟಕಿಯ ಬಳಿಯ ಹಾಳೆಯಲ್ಲಿ ಅವರಿಗೆ ಒಬ್ಬ ಸೊಸೆಯ ಕಥೆ ಸಿಕ್ಕಿತ್ತು. ಯಜಮಾನರು ಅಡುಗೆಮನೆಗೆ ಓಡಿ ಹೆಂಡತಿಗೆ ಪಿಸುಗುಟ್ಟಿದರು:

"ಬಂದು ಐದು ಗಂಟೆ ಆಯ್ತು, ಒಂದು ಕೊರತೆ ಹೇಳಿಲ್ಲ. ನಾಳಿದ್ದು ಹೊರಟೇಬಿಡ್ತಾಳೆ. ನೋಡಿದ್ಯಾ ನನ್ನ ತಲೆ?"

"ತಮ್ಮಾ," ನಡುಮನೆಯಿಂದ ಕರೆ ಬಂತು. "ಸೊಸೆ ಕದ್ದು ಬೀರು ತೆಗೆದ್ಲು. ಒಳಗೆ ಏನಿತ್ತೋ?"

"ಮುಂದಕ್ಕೆ ಓದಕ್ಕಾ, ಇರುತ್ತೆ."

"'ಉಳಿದದ್ದು ನಾಲ್ಕನೆಯ ಪುಟದಲ್ಲಿ' ಅಂತ ಇದೆ. ಇದು ಮೂರನೇದು. ನಾಲ್ಕನೇದು ಎಲ್ಲಿ?"

ನಾಲ್ಕನೆಯದು ಮೂರನೆಯದರ ಬೆನ್ನಿನಲ್ಲಿ, ಅಂಟಿನೊಳಗೆ ಮುಖ ಹುದುಗಿಸಿ ಮಲಗಿತ್ತು. ಯಜಮಾನರು ಹೊರಗೆ ಬಂದು ಅದೇ ಹಾಳೆಯ ಅಡಿಗೆ ಬೆರಳು ತೋರಿಸಿದರು.

ದೊಡ್ಡಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಾಳೆಯ ಅಂಚನ್ನು ಉಗುರಿನಿಂದ ಒಂದಿಷ್ಟೇ ಎಬ್ಬಿಸಿ, ಬೆಳಕಿಗೆ ಹಿಡಿದು ನೋಡಿದರು.

"ಅವಸರ ಮಾಡಿದ್ರೆ ಹರಿದುಹೋಗುತ್ತೆ. ದಿನಕ್ಕೆ ಎರಡು ಸಾಲು ಬಿಡಿಸ್ತೀನಿ. ನನ್ನ ಪೆಟ್ಟಿಗೇನ ಒಳಗೆ ಇಡು."