ನಮ್ಮ ಮಿಲ್ಲಿಂಗ್ ಮಷೀನಿಗಿ ಸರ್ವೋ ಹಚ್ಚಿದ ಫಜೀತಿ

ನನ್ನ ಬೆರಳ ತುದಿಗಿ ಕೂದಲಿನ ಹತ್ತನೇ ಪಾಲು ತಿಳೀತಿತ್ತು. ಕಬ್ಬಿಣದ ಮ್ಯಾಲ ಒಮ್ಮೆ ಬೆರಳಾಡಿಸಿ ‘ಇಲ್ಲಿ ಇಷ್ಟು ಹೆಚ್ಚದ’ ಅಂದೆನಂದ್ರ, ಮೈಕ್ರೋಮೀಟರ್ ಇಟ್ಟು ನೋಡಿದ್ರೂ ಅಷ್ಟೇ ಇರ್ತಿತ್ತು. ಕಣ್ಣಾರೆ ನೋಡಿದ ನಮ್ಮ ಉಸ್ತಾದ ತೀರಿಹೋದ. ಆ ಮೈಕ್ರೋಮೀಟರ್ ಬಾವ್ಯಾಗ ಬಿತ್ತು. ಆ ಬಾವಿನೂ ಮುಚ್ಚಿ ಈಗ ಮ್ಯಾಲ ಕಿರಾಣಿ ಅಂಗಡಿ ಕಟ್ಯಾರ. ನಂಬಿಕಿ ಇಲ್ಲಂದ್ರ ಅಂಗಡಿ ಕೆಡವಿ ನೋಡ್ರಿ.

ಇಂಥಾ ಕೈ ಇದ್ದವನಿಗೇ ದಿನಾ ಒಂದು ತಲಿನೋವು. ಬೀದರಿನ ಚಿದ್ರ್ಯಾಗ ನಂದೊಂದು ವರ್ಕ್‌ಶಾಪು. ಅಲ್ಲಿ ನಗೂವಂಥಾದ್ದು ಏನಾದ್ರೊಂದು ನಡೀದ ವಾರಾನೇ ಇರ್ಲಿಲ್ಲ. ನಡೆಯೋ ಹೊತ್ತಿನ್ಯಾಗ ಮಾತ್ರ ನನಗ ನಗು ಬರ್ತಿರ್ಲಿಲ್ಲ. ಮಳಿ ಕೈಕೊಟ್ಟ ವರ್ಷಗಳವು. ಬೋರಿನ ನೀರು ಆಳಕ್ಕಿಳಿದು ಪಂಪುಗಳು ಮುರೀತಿದ್ದವು, ಹಂಗಾಗಿ ನಮಗ ಕೈತುಂಬ ಕೆಲಸ. ಮಾಡೋ ಮಂದಿ ಮಾತ್ರ ಹೈದ್ರಾಬಾದು, ಪುಣೆ ಅಂತ ಗುಳೇ ಹೋಗಿದ್ರು. ಕಬ್ಬಿಣ ಕೊರಿಯೋ ಮಿಲ್ಲಿಂಗ್ ಮಷೀನಿನ ಹಿಡಿಕಿ ತಿರುವಾಕ ಉಳಿದವ್ರು ಇಬ್ರೇ: ನಾನು, ನಮ್ಮ ಅಳಿಯ.

ಒಂದಿನ ಅಳಿಯ ಅಂದ, “ಮಾಮಾ, ಇದಕ್ಕ ಸರ್ವೋ ಮೋಟರ್ ಹಚ್ಚಿ ಕಂಪ್ಯೂಟರಿನಿಂದ ನಡಸೋಣ. ಭಾಲ್ಕಿ ಪಂಪಿನ ಅಂಗಡಿ ಸೇಠಜಿ ಪಂಪು ಮೋಟರು ಜೋಡಿಸೋ ಕಪ್ಲಿಂಗ್ ಕೆಲಸ ಪೂರಾ ನಮಗೇ ಕೊಡ್ತೇನಿ ಅಂದಾರ. ದಸರಾದ ಮರುದಿನ ನೋಡಾಕ ಬರ್ತಾರ. ಅವತ್ತು ಮಷೀನ್ ನಡೀಲಿಲ್ಲಂದ್ರ ನಾವೂ ಪುಣೆ ಬಸ್ ಹತ್ತೋದೇರಿ.”

ನಾವೂ ಅಂದ್ರ ಅವ, ನನ್ನ ಮಗಳು, ಮೊಮ್ಮಗಳು. ನನ್ನ ಕಥಿ ಕೇಳಾಕ ಮನ್ಯಾಗ ಗ್ವಾಡಿ ಅಷ್ಟೇ ಉಳೀತಿದ್ದವು.

ಜ್ವಾಳದ ಚೀಲ

ಹೈದ್ರಾಬಾದಿನ ಮೋಟರ್ ವ್ಯಾಪಾರಿ ಫೋನಿನ್ಯಾಗ ಕೇಳ್ದ, “ಚಾಚಾ, ಟಾರ್ಕ್ ಎಷ್ಟು ಬೇಕು?” ಟಾರ್ಕ್ ಅಂದ್ರ ತಿರುವೋ ತಾಕತ್ತು ಅಂತ ಅಳಿಯ ಪಕ್ಕದಿಂದ ಹೇಳ್ದ.

“ನನ್ನ ಕೈಯಷ್ಟು,” ಅಂದೆ.

“ನಿಮ್ಮ ಕೈ ಎಷ್ಟದ?”

“ಓಡೋ ಕೋಣ ಹಿಡಿದು ನಿಲ್ಲಿಸೇನಿ.”

“ಚಾಚಾ, ಕೋಣದ ಲೆಕ್ಕದಾಗ ನಮ್ಮಲ್ಲಿ ಮೋಟರ್ ಬರಲ್ಲ.”

ಕಡಿಗಿ ಅಳಿಯ ಒಂದು ಉಪಾಯ ತೆಗೆದ. ಹಿಡಿಕಿಗಿ ಖಾಲಿ ಚೀಲ ತೂಗುಬಿಟ್ಟು, ಅದು ತಾನಾಗೇ ತಿರುಗೋತನ ಜ್ವಾಳ ಹಾಕೋದು. ಆಮ್ಯಾಲ ಚೀಲ ತೂಗೋದು. ಮನಿ ಜ್ವಾಳ ತಂದು ಶುರು ಮಾಡಿದೆ. ರಸ್ತಾದ ಮಂದಿಗಿ ಕಂಡದ್ದು ಇಷ್ಟೇ: ಚೀಲ, ತಕ್ಕಡಿ, ಜ್ವಾಳ ಸುರಿಯೋ ಮುದುಕ. ತಿರುಗಿ ನೋಡೋದ್ರಾಗ ಬಾಗಿಲಿನಿಂದ ಬೇವಿನ ಗಿಡದತನ ಪಾಳಿ ಹಚ್ಚಿ ನಿಂತಿದ್ರು, ಕೈಯಾಗ ರೇಷನ್ ಕಾರ್ಡು.

“ಇದು ಮೋಟರಿನ ಅಳತಿ ರೀ!” ಅಂತ ಒದರಿದೆ.

ಮುಂದ ನಿಂತ ಮುದುಕಿ, “ಯಾರ ಹೆಸರಿಲೆ ಬಂದ್ರೂ ಆಗ್ಲೆಪ್ಪಾ, ನಂದು ಮೊದ್ಲ ತೂಗು,” ಅಂದ್ಲು.

ಅವತ್ತು ಟಾರ್ಕ್ ಸಿಕ್ತು. ರೊಟ್ಟಿ ಸಿಗಲಿಲ್ಲ.

ಔರಾದದ ಮೂರನೇ ಅಕ್ಷರ

ಔರಾದದಾಗ ಹೆಸರಿನ ಫಲಕ ಕೆತ್ತೋ ಅಂಗಡಿಯವ ಒಬ್ಬಾವ ಇದ್ದ. “ಸರ್ವೋ ಯಾಕ್ರಿ ಕಾಕಾ? ಸ್ಟೆಪ್ಪರ್ ಮೋಟರ್ ಹಚ್ರಿ. ನಂದು ನೋಡಾಕ ಬರ್ರಿ,” ಅಂದ. ಬಸ್ಸಿನ್ಯಾಗ ನಿಂತು ನಿಂತು ಹೋದೆವು.

ಸ್ಟೆಪ್ಪರ್ ಅಂದ್ರ ಹೇಳಿದಷ್ಟು ಹೆಜ್ಜಿ ಹಾಕ್ತದ, ಮುಟ್ಟಿದೆನೋ ಇಲ್ಲೋ ಅಂತ ತಿರುಗಿ ನೋಡಲ್ಲ. ಸರ್ವೋದ ಬೆನ್ನಿನ್ಯಾಗ ಒಂದು ಗಾಜಿನ ಚಕ್ರ ಇರ್ತದ, ಎಂಕೋಡರ್ ಅಂತಾರ. ಎಷ್ಟು ತಿರುಗಿದೆ ಅಂತ ಅದು ಎಣಸ್ತಾನೇ ಇರ್ತದ, ತಪ್ಪಿದ್ರ ತಿದ್ದಸ್ತದ. ಅಳಿಯ ಇಷ್ಟು ಹೇಳೋದ್ರಾಗ ಅಂಗಡಿಯವ ನಕ್ಕ. “ನಂದು ಎಣಸಲ್ಲ, ಹಂಗೇ ಕರೆಕ್ಟ್ ಹೋಗ್ತದ. ನಿಮ್ಮ ಹೆಸರೇ ಕೆತ್ತಿ ಕೊಡ್ತೇನಿ.”

ಮಷೀನ್ ಗುರ್ ಅಂತು. ನಡುವ ಕಬ್ಬಿಣದ ಚೂರು ಸಿಕ್ಕು ಒಮ್ಮೆ ತಡವರಿಸಿ ಮತ್ತ ಮುಂದ ಹೋಯ್ತು. ಕೆತ್ತಿ ಮುಗಿಸಿ “ಓದ್ರಿ ಕಾಕಾ,” ಅಂದ.

ನಾ ಸಾಲಿ ಮೆಟ್ಟಿಲ ಹತ್ತಿದವ ಅಲ್ಲ. ಆದ್ರೂ ತಪ್ಪಾಗ್ಯದ ಅಂತ ನನಗೂ ತಿಳೀತು. ಮೂರನೇ ಅಕ್ಷರ ಟೇಬಲಿನ ಮ್ಯಾಲ ಇತ್ತು.

ನಾ ಗೆದ್ದ ಕುಸ್ತಿ

ಸರ್ವೋನೇ ಅಂತ ಪಕ್ಕಾ ಆಯ್ತು. ಅಳಿಯ ಪುಣೆದಿಂದ ಹೊಸಾದು ತರೋಣ ಅಂದ. ಹೊಸಾದು ನಂಬಬಾರ್ದು, ಪಳಗಿದ್ದೇ ಬೇಕು ಅಂತ ಹಟ ಹಿಡಿದು ನಾ ಹೈದ್ರಾಬಾದಿನ ಹಳೇ ಮಾಲು ತರಿಸಿದೆ. ಒಂದು ಮೋಟರಿಗಿ ಹಿಂದಿನ ಮುಚ್ಚಳ ಇರ್ಲಿಲ್ಲ. ವ್ಯಾಪಾರಿ ಪ್ಲಾಸ್ಟಿಕ್ ಸುತ್ತಿ ಕಳಿಸಿದ್ದ: “ದಸರಾ ಆದ ಮ್ಯಾಲ ನಾನೇ ಮುಚ್ಚಳ ತರ್ತೇನಿ. ಅಲ್ಲೀತನ ಇದು ಬಿಚ್ಚಬ್ಯಾಡ್ರಿ ಚಾಚಾ.”

ಅಳಿಯ ಕರೆಂಟ್ ಕೊಟ್ಟು, “ಈಗ ಹಿಡಿಕಿ ತಿರುವಿ ನೋಡ್ರಿ, ಜಾಗಾ ಬಿಟ್ಟು ಕದಲಲ್ಲ,” ಅಂದ.

ನನಗ ಇಂಥಾ ಮಾತು ಹೇಳಬಾರ್ದು. ಧೋತರ ಮ್ಯಾಲಕ್ಕ ಕಟ್ಟಿ ಹಿಡಿದೆ. ನಾ ಈ ಕಡಿ ಜಗ್ಗಿದ್ರ ಅದು ಆ ಕಡಿ ಜಗ್ತದ. ಚಹಾದ ಅಂಗಡಿ ಮಂದಿ ಎಲ್ಲಾ ಬಂದು ಸುತ್ತುಗಟ್ಟಿದ್ರು. ಕಡಿಗಿ ಒಂದು ಪಟ್ಟು ಹಾಕಿದೆ ನೋಡ್ರಿ, ಮೋಟರ್ ನಡಸೋ ಡ್ರೈವಿನ ಡಬ್ಬಿ ಮ್ಯಾಲ ಕೆಂಪು ದೀಪ ಹತ್ತಿ ಮೋಟರ್ ಸಡಿಲಾಯ್ತು.

“ಸೋತೆ ಅಂತದ!” ಅಂತ ಎರಡೂ ಕೈ ಎತ್ತಿದೆ.

“ಅದು ಭಾರ ಹೆಚ್ಚಾದ ಅಲಾರಂ ರೀ ಮಾಮಾ,” ಅಂದ ಅಳಿಯ. “ಅದನ್ನ ನಾ ನೋಡ್ತೇನಿ. ನೀವು ಕೈ ಇಳಿಸಿ ಮೊದ್ಲ ಧೋತರ ಹಿಡ್ಕೋರಿ.”

ಕೆಂಪು ಧೂಳಿ

ದಸರಾ ಬಂತು. ಆಯುಧಕ್ಕ ಪೂಜಿ ಮಾಡೋ ಖಂಡೇಪೂಜಿ ದಿನ ಲೇಥು, ಡ್ರಿಲ್ಲು, ಹಳೇ ಮಷೀನು, ಹೊಸಾ ಮೋಟರು, ಎಲ್ಲಾದಕ್ಕೂ ನನ್ನ ಕೈಯಾರೆ ಪೂಜಿ ಮಾಡಿದೆ. ಒಂದನ್ನೂ ಬಿಡಲಿಲ್ಲ.

ದಸರಾದ ಮರುದಿನ ಭಾಲ್ಕಿ ಸೇಠಜಿ ಬಂದು ಖುರ್ಚಿ ಹಾಕ್ಕೊಂಡು ಕುಂತ್ರು. ಮಷೀನ್ ಮೊದಲನೇ ಕಪ್ಲಿಂಗಿನ ಸಂದು ಚಂದ ಕೊರೀತು. ಎರಡನೇದು ಅರ್ಧ ಬೆರಳು ಆಚಿ. ಮೂರನೇದು ಕಪ್ಲಿಂಗ್ ಬಿಟ್ಟು ಅದನ್ನ ಹಿಡಿದಿದ್ದ ಶಿಕಂಜಾನೇ ಕೊರೀತು. ಹಬ್ಬಕ್ಕಿಂತ ಮೊದ್ಲ ನಡಸಿ ನೋಡಿದಾಗ ಒಂದೂ ತಪ್ಪಿರ್ಲಿಲ್ಲ. ಸೇಠಜಿ ಟೊಪಗಿ ಇಟ್ಕೊಂಡು ಎದ್ರು. ಅಳಿಯ ಮನ್ಯಾಗ ಹೋಗಿ ಟ್ರಂಕು ತಂದು ಹೊಸ್ತಿಲ ಹೊರಗ ಇಟ್ಟ. ಅದರ ಮ್ಯಾಲ ಮೊಮ್ಮಗಳು ಹೋಗಿ ಕುಂತ್ಲು.

ಅಷ್ಟರಾಗ ಹೈದ್ರಾಬಾದಿನಾಂವ ಮುಚ್ಚಳ ಹಿಡ್ಕೊಂಡು ಆಟೋದಿಂದ ಇಳಿದ. ಬಾಯಿಗಿ ಬಂದಂಗ ಬೈದೆ. ಅವ ಪ್ಲಾಸ್ಟಿಕ್ ತೆಗೆದು ಎಂಕೋಡರ್ ನೋಡಿದ. ಆಮ್ಯಾಲ ನನ್ನ ಮುಖಾ ನೋಡಿದ. ಹತ್ತಿಲೆ ಒರಸಿ ಮುಚ್ಚಳ ಹಾಕಿದ. ಮತ್ತ ಮಷೀನ್ ಶುರು ಮಾಡಿದ್ರ ಒಂದರ ಹಿಂದ ಒಂದು ಆರು ಕಪ್ಲಿಂಗ್, ಕೂದಲೆಳಿ ತಪ್ಪಲಿಲ್ಲ. ಸೇಠಜಿ ಟೊಪಗಿ ತೆಗೆದು, “ಚಹಾ ತರಿಸ್ರಿ,” ಅಂದ್ರು. ಟ್ರಂಕು ಒಳಗ ಹೋಯ್ತು.

ಏನಾಗಿತ್ತು ಅಂತೀರಿ? ಬೀದರಿನ ಕೆಂಪು ಮಣ್ಣು! ಆ ಬರದ ಗಾಳಿ ಅಂದ್ರ ಅಂಥಾ ಗಾಳಿ, ಅಷ್ಟೂರಿನ ಸುಲ್ತಾನರ ಗುಮ್ಮಟದ ಮ್ಯಾಲಿನ ಧೂಳಿ ಎತ್ಕೊಂಡು ಬಂದು, ಪ್ಲಾಸ್ಟಿಕ್ಕು ತೂರಿ, ನೆಟ್ಟಗ ಆ ಗಾಜಿನ ಚಕ್ರದ ಮ್ಯಾಲ ಕುಂದ್ರಿಸಿತ್ತು. ಕಟ್ಟಿ ಮ್ಯಾಲ ಕುಂತು ಈ ಕಥಿ ನೂರು ಸಲ ಹೇಳೇನಿ, ಒಬ್ರೂ ಇಲ್ಲ ಅಂದಿಲ್ಲ.

ಮೊನ್ನೆ ಹೇಳೋ ಹೊತ್ತಿಗಿ ಮೊಮ್ಮಗಳು ಚಹಾ ತಂದ್ಲು. ಈಗ ಅವಳೇ ಆ ಮಷೀನ್ ನಡಸ್ತಾಳ. ಪೂರಾ ಕೇಳಿ ಅಂದ್ಲು, “ಮುತ್ಯಾ, ಆ ಧೂಳಿ ಗುಂಡಗ ಬೊಟ್ಟಿನಂಗ ಇತ್ತಂತ ಮೋಟರಿನಾಂವ ಅಪ್ಪಗ ಹೇಳಿದ್ದ. ನಡುವ ನಿನ್ನ ಬೆರಳಿನ ಗುರುತು. ಮ್ಯಾಲ ಎರಡು ಅಕ್ಕಿಕಾಳು.”

ಕಟ್ಟಿ ಮ್ಯಾಲಿನವ್ರೆಲ್ಲಾ ನನ್ನ ಬೆರಳು ನೋಡಾಕ ಹತ್ತಿದ್ರು. ಕೂದಲಿನ ಹತ್ತನೇ ಪಾಲು ತಿಳಿಯೋ ಬೆರಳು. ಮೆಲ್ಲಕ ಕಪ್ಪಿನ ಹಿಂದ ಇಟ್ಟು, ಹೆಗಲು ಕುಣಿಸಿದೆ.

“ಗಾಳಿ ಭಾಳ ಜೋರಿತ್ತವ್ವಾ.”